ಡಿಸ್ಕು ಸಂರಕ್ಷಣಾ ಮಹಾಸಮರ

ನಾನು ಒಮ್ಮೆ ಹಟ ಹಿಡಿದರೆ ಮುಗಿಯಿತು. ತಿರ್ಲಾಪುರದ ಕರಿಮಣ್ಣಿನಲ್ಲಿ ಮಳೆಗಾಲಕ್ಕೆ ಹೂತ ಟ್ರ್ಯಾಕ್ಟರಾದರೂ ಕದಲೀತು, ನಾನು ಕದಲುವವನಲ್ಲ! ಆ ಭಾನುವಾರ ಬೆಳಿಗ್ಗೆ ರೊಟ್ಟಿ ಮುರಿಯುತ್ತಲೇ ಘೋಷಿಸಿಬಿಟ್ಟೆ: ಪ್ರಾಣ ಹೋದರೂ ಸರಿ, ನನ್ನ ಹಳೆಯ ಸಿನಿಮಾಗಳ ಒಂದೇ ಒಂದು ಡಿಸ್ಕು ಈ ಮನೆಯ ಹೊಸ್ತಿಲು ದಾಟಕೂಡದು!

ಈ ವೀರಘೋಷಣೆಗೆ ಕಾರಣ ಜೋಳ. ನಮ್ಮ ಹೊಲದಲ್ಲಿ ತೆನೆ ಹಾಲುಗಾಳು ಕಟ್ಟಿತ್ತು. ಹಕ್ಕಿಗಳು ಬೆಳಗಿನಿಂದ ಸಂಜೆಯವರೆಗೆ ಪಂಕ್ತಿ ಹಾಕಿ ಊಟಕ್ಕೆ ಕೂರುತ್ತಿದ್ದವು. ಊರವರು ಹಳೆಯ ಡಿಸ್ಕುಗಳನ್ನು ದಾರಕ್ಕೆ ಪೋಣಿಸಿ ಹೊಲದಲ್ಲಿ ಕಟ್ಟಿದ್ದರು. ಬಿಸಿಲಿಗೆ ಅವು ಫಳಫಳ ಹೊಳೆದರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲವಂತೆ. ನನ್ನ ಹೆಂಡತಿ ಶಾಂಭವಿಯ ಕಣ್ಣು ನನ್ನ ಕಪಾಟಿನ ಮೇಲೆ ಬಿತ್ತು. ಅದರಲ್ಲಿ ಇನ್ನೂರಾ ಹನ್ನೆರಡು ಡಿಸ್ಕುಗಳಿದ್ದವು.

“ಮನ್ಯಾಗ ನೀವಂತೂ ನೋಡಂಗಿಲ್ಲ. ಹೊಲದಾಗ ಕಟ್ಟಿದ್ರ ಹಕ್ಕಿ ಆದ್ರೂ ನೋಡ್ತಾವ,” ಅಂದಳು.

“ಲೇ, ಇವು ಯಾರಿಗೂ ಗೊತ್ತಿಲ್ಲದಂಥ ಅಪರೂಪದ ಸಿನಿಮಾ!”

“ಯಾರಿಗೂ ಗೊತ್ತಿಲ್ಲ ಅಂದಮ್ಯಾಲ, ಹೋದ್ರ ಅಳಾವ್ರು ಯಾರ್ರಿ?”

ಕೊನೆಗೆ ಅವಳೇ ಕರಾರು ಹಾಕಿದಳು. “ಮೂರು ಮಂದೀನ ಕರೀರಿ. ಮೊದಲಿಂದ ‘ಶುಭಂ’ ಬರೋತನಕ ಒಬ್ಬರೂ ಎದ್ದು ಹೋಗದ ನೋಡಿದ್ರ ಡಿಸ್ಕು ನಿಮ್ಮವು. ಇಲ್ಲಾಂದ್ರ ಸಂಜಿಕ ಎಲ್ಲಾ ಹೊಲಕ್ಕ.”

ನಾನು ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ! ಕಪಾಟಿನಿಂದ ನನ್ನ ಬ್ರಹ್ಮಾಸ್ತ್ರವನ್ನು ಹೊರತೆಗೆದೆ: ‘ಗೌಡ್ತಿ ಗಂಗವ್ವನ ಗಂಟು’. ಕಪ್ಪು ಬಿಳುಪು ಚಿತ್ರ, ಎರಡು ಡಿಸ್ಕು. ಹನ್ನೊಂದು ಸಲ ನೋಡಿದ್ದೇನೆಂದು ಊರ ತುಂಬ ಹೇಳಿಕೊಂಡು ತಿರುಗಿದ್ದೆ.

ಇದರಲ್ಲಿ ದೋಷಗಳಿಲ್ಲ ಎಂದು ನಾನು ವಾದಿಸುವುದಿಲ್ಲ. ಗೌಡ್ತಿ ಬಾಯಿ ಮುಚ್ಚಿದ ಮೇಲೆ ಅವಳ ಮಾತು ಕೇಳಿಸುತ್ತದೆ. ಸತ್ತು ಬಿದ್ದ ಆಳು ಮೂಗು ಕೆರೆದುಕೊಳ್ಳುತ್ತಾನೆ. ಹುಲಿಯ ಹೊಟ್ಟೆಯ ಮೇಲೆ ಅಂಗಿಯ ಗುಂಡಿಗಳು ಕಾಣುತ್ತವೆ. ಕಾಣಲಿ! ಆ ಹುಲಿಯೊಳಗೆ ಒಬ್ಬ ಮನುಷ್ಯ ನಮಗಾಗಿ ಬೆವರುತ್ತಿದ್ದಾನೆ. ಇವತ್ತಿನ ಕಂಪ್ಯೂಟರ್ ಹುಲಿ ಯಾರಿಗಾಗಿ ಬೆವರಿದೆ ಹೇಳಿ? ಆ ಬಡಪಾಯಿಗಳು ಕೈಯಲ್ಲಿದ್ದಷ್ಟರಲ್ಲಿ ಒಂದು ಕಥೆ ಹೇಳಿದರು. ಅದನ್ನು ಹಕ್ಕಿ ಬೆದರಿಸಲು ಕಟ್ಟುವುದೆಂದರೆ ನನ್ನ ಹೊಟ್ಟೆ ಉರಿಯುತ್ತದೆ.

ಮಧ್ಯಾಹ್ನ ಪ್ರೇಕ್ಷಕ ಮಹಾಶಯರು ಬಂದರು. ಒಬ್ಬರು ಪಕ್ಕದ ಮನೆಯ ಮಡಿವಾಳೆಪ್ಪ ಕಾಕಾ. ಇನ್ನೊಬ್ಬ ಟೀವಿ ರಿಪೇರಿಯ ಸಾಧಿಕ್. ಮೂರನೆಯವರು ಗುಡಗೇರಿಯಿಂದ ಬಂದಿದ್ದ ನಮ್ಮ ಅತ್ತೆ ರೇವವ್ವ, ದಿನಕ್ಕೆರಡು ಸಲ ಲಿಂಗಪೂಜೆ ತಪ್ಪಿಸದ ಹೆಣ್ಣುಮಗಳು. ಶಾಂಭವಿ ಶೇಂಗಾದ ಬುಟ್ಟಿ ಹಿಡಿದು ಮೂಲೆಯಲ್ಲಿ ಕೂತಳು, ತೀರ್ಪುಗಾರಳಂತೆ.

ಚಿತ್ರ ಶುರುವಾಯಿತು. ಹುಲಿ ಬಂದಾಗ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ತಮ್ಮಾ, ಅದರ ಅಂಗಿ ಚೊಲೋ ಹೊಲಿದಾರ ನೋಡು!” ನಗಲಿ, ಎದ್ದು ಹೋಗಲಿಲ್ಲವಲ್ಲ! ಮುಕ್ಕಾಲು ತಾಸು ಸುಖವಾಗಿ ಕಳೆಯಿತು. ಆಗ ಗಂಗವ್ವನ ಮುಂದೆ ಢಮಾರೆಂದು ಹೊಗೆ ಎದ್ದು, ಅದರೊಳಗಿಂದ ಶಿವ ಪ್ರತ್ಯಕ್ಷನಾದ. ಜಟೆ, ತ್ರಿಶೂಲ, ಕೊರಳಲ್ಲಿ ರಬ್ಬರ್ ಹಾವು.

ನಮ್ಮತ್ತೆ ತಟ್ಟನೆ ಎದ್ದರು. ನನ್ನ ಜೀವ ಹೋಯಿತು! ಆದರೆ ಅವರು ಹೊರಗೆ ಹೋಗಲಿಲ್ಲ, ದೇವರ ಜಗಲಿಯಿಂದ ಆರತಿ ತಟ್ಟೆ, ಕರ್ಪೂರ, ಒಂದು ಕಾಯಿ ಹಿಡಿದು ಬಂದರು. “ಎಲ್ಲಾರೂ ಕೈ ಮುಗೀರಿ! ಸಾಕ್ಷಾತ್ ಪರಮಾತ್ಮ ಮನಿಗೆ ಬಂದಾನ!”

ಇಲ್ಲಿ ನನಗೆ ಧರ್ಮಸಂಕಟ. ಅವನು ಶಿವನಲ್ಲ, ಗಂಗವ್ವನ ಬಂಗಾರದ ಗಂಟು ಹೊಡೆಯಲು ವೇಷ ಹಾಕಿಕೊಂಡು ಬಂದ ಕಳ್ಳ! ಇಷ್ಟು ನನಗೆ ಗೊತ್ತಿತ್ತು. ಹೇಳಿದರೆ ಅತ್ತೆ ಸಿಟ್ಟಾಗಿ ಎದ್ದು ಹೋಗುತ್ತಾರೆ, ಡಿಸ್ಕು ಹೊಲದ ಪಾಲು. ಹೇಳದಿದ್ದರೆ ಕಳ್ಳನಿಗೆ ಮಂಗಳಾರತಿ. ನಾನು ಡಿಸ್ಕುಗಳ ಕಡೆ ನಿಂತೆ. ಕೈ ಮುಗಿದೆ!

ಅತ್ತೆ ಆರತಿ ಬೆಳಗಿ, ಟೀವಿಯ ಮುಂದೆ ಕಾಯಿ ಒಡೆದರು. ಎಳನೀರಿನಂಥ ಕಾಯಿ. ನೀರು ಚಿಲ್ಲೆಂದು ಹಾರಿ ನೆಟ್ಟಗೆ ಡಿಸ್ಕಿನ ಪ್ಲೇಯರಿನೊಳಗೆ ಹೋಯಿತು.

“ಸರ, ನೀರು!” ಎಂದು ಸಾಧಿಕ್ ಎದ್ದ.

“ಕೂಡ್ರಪಾ! ತೀರ್ಥ ಐತಿ, ಏನೂ ಆಗಂಗಿಲ್ಲ,” ಎಂದರು ಅತ್ತೆ.

ಪರದೆಯ ಮೇಲೆ ಗಂಗವ್ವ ಒಳಗೆ ಹೋದಳು. ಶಿವ ಅತ್ತ ಇತ್ತ ನೋಡಿದ. ಜಟೆ ತೆಗೆದು ಬಗಲಲ್ಲಿ ಇಟ್ಟುಕೊಂಡ. ಹುಲಿಚರ್ಮದ ಸಂದಿಯಿಂದ ಒಂದು ಬೀಡಿ ತೆಗೆದು ಹಚ್ಚಿ, ಪುಸ್ ಎಂದು ಹೊಗೆ ಬಿಟ್ಟ.

ಅದೇ ಕ್ಷಣಕ್ಕೆ ನಮ್ಮ ಪ್ಲೇಯರಿನಿಂದಲೂ ಹೊಗೆ ಎದ್ದಿತು!

“ಯಪ್ಪಾ! ಬೀಡಿ ಹೊಗಿ ಹೊರಗ ಬಂತಲೋ!” ಎಂದು ಕಾಕಾ ಕೂಗಿದರು. ಚರ್ ಎಂದು ಸದ್ದಾಗಿ ಟೀವಿ ಕಪ್ಪಾಯಿತು. ಸಾಧಿಕ್ ಪ್ಲೇಯರ್ ಬಿಚ್ಚಿ, ಮೂಸಿ, ತಲೆಯಾಡಿಸಿದ. “ಮುಗೀತ್ರಿ ಸರ. ಇದರ ಸಾಮಾನು ಈಗ ಎಲ್ಲೂ ಸಿಗಂಗಿಲ್ಲ.”

ಅತ್ತೆ ಕೈಯಲ್ಲಿ ಆರತಿ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದರು. ಇನ್ನು ನನ್ನನ್ನು ಆ ತಟ್ಟೆಯಿಂದಲೇ ಬಾರಿಸುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ ಕೂತರು.

“ಅಳಿಯಂದ್ರ, ಆ ಕಳ್ಳ ಸೂಳೇಮಗ ಸಿಕ್ಕೊಂಡನೋ ಇಲ್ಲೋ?”

“ಹೌದೋ ತಮ್ಮಾ, ಅದನ್ನ ತಿಳೀದ ನಾ ಏಳಂಗಿಲ್ಲ!” ಎಂದರು ಕಾಕಾ. ಸಾಧಿಕ್ ಕೂಡ ಸ್ಕ್ರೂಡ್ರೈವರ್ ಕೆಳಗಿಟ್ಟು ಚಕ್ಕಳಮಕ್ಕಳ ಹಾಕಿದ.

ಆಹಾ! ಗೆದ್ದೆ! ಯಾರೂ ಏಳುತ್ತಿಲ್ಲ! ನಾನು ಎದೆಯುಬ್ಬಿಸಿ ಶಾಂಭವಿಯ ಕಡೆ ನೋಡಿದೆ. “ನೋಡಿದೇನು, ಹಳೇ ಸಿನಿಮಾದ ತಾಕತ್ತು!”

“ನೋಡಿದ್ನಿ. ಇನ್ನ ‘ಶುಭಂ’ ತನಕ ಮುಗಸ್ರಿ. ಹನ್ನೊಂದು ಸಲ ನೋಡೀರಲ್ಲ, ಬಾಯಲೇ ಹೇಳ್ರಿ.”

ಆರು ಕಣ್ಣುಗಳು ನನ್ನ ಮೇಲೆ ನೆಟ್ಟವು. ಗಂಟಲು ಸರಿ ಮಾಡಿಕೊಂಡೆ. “ಆಮೇಲೆ... ಆ ಕಳ್ಳ... ಗಂಟು...” ಓದುಗರೇ, ನಿಮ್ಮೆದುರು ಸುಳ್ಳೇಕೆ? ನನಗೆ ಗೊತ್ತಿರಲಿಲ್ಲ!

“ಅವರಿಗೆ ಹೆಂಗ ಗೊತ್ತಿರಬೇಕು?” ಶಾಂಭವಿ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಹನ್ನೊಂದು ಸಲನೂ ಎರಡನೇ ಡಿಸ್ಕು ಹಾಕಿ ನಿದ್ದಿ ಹೊಡದಾರ. ಕೊನಿತನಕ ನೋಡಿದಾಕಿ ನಾನು. ಕೇಳ್ರಿ. ಕಳ್ಳ ಮತ್ತ ಬರ್ತಾನ. ಗೌಡ್ತಿ ವಿಭೂತ್ಯಾಗ ಖಾರಪುಡಿ ಕಲಸಿ ಕೊಡ್ತಾಳ. ಹಣಿಗೆ ಹಚ್ಚಿಕೊಂಡಾವ, ಖಾರ ಕಣ್ಣಿಗೆ ಇಳದು, ‘ಸತ್ನೆವ್ವಾ’ ಅಂತ ಅಂಗಳದ ತುಂಬ ಕುಣೀತಾನ, ಜಟಿ ಬಾವ್ಯಾಗ ಬೀಳ್ತದ. ಪೊಲೀಸ್ರು ಬರೋದ್ರಾಗ ಗೌಡ್ತಿ ಅವನ ಕಣ್ಣಿಗೆ ತುಪ್ಪ ಹಚ್ಚಿ, ‘ಹಸದೀ ಏನೋ’ ಅಂತ ಕೇಳಿ ರೊಟ್ಟಿ ಹಾಕ್ತಾಳ. ಶುಭಂ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆಕಿ ಬಾಯಿ ಮುಚ್ಚಿದ ಮ್ಯಾಲ ಮಾತು ಬರ್ತದ ಖರೆ. ಆದ್ರ ಆ ಮಾತಿಗೆ ಹನ್ನೊಂದು ಸಲನೂ ಅತ್ತೀನಿ.”

ಯಾರೂ ಎದ್ದಿರಲಿಲ್ಲ. ಅತ್ತೆ ಸೊರಸೊರ ಮೂಗು ಎಳೆಯುತ್ತಿದ್ದರು. ಇಷ್ಟು ವರ್ಷ ನಾನು ಕಾವಲು ಕಾದ ಕಪಾಟಿನ ನಿಜವಾದ ಪ್ರೇಕ್ಷಕಿ ಬೇರೆಯವಳೇ ಆಗಿದ್ದಳು. ಆದರೂ ಸೋಲೊಪ್ಪುವ ಜಾಯಮಾನವೇ ನನ್ನದು? “ಹಂಗಾದ್ರ ಡಿಸ್ಕು ಹೊಲಕ್ಕ ಹೋಗಂಗಿಲ್ಲ, ಹೌದೋ ಅಲ್ಲೋ?” ಎಂದು ಗುಡುಗಿದೆ.

“ಯಾಕ ಹೋಗ್ಬೇಕ್ರಿ? ಅವು ಇಲ್ಲೇ ಇರಲಿ. ನಾಳಿಂದ ಹೊಲದಾಗ ನಿಮಗೊಂದು ಚಾಪಿ ಹಾಸ್ತೀನಿ, ಮಕ್ಕೋರಿ,” ಅಂದಳು ಶಾಂಭವಿ. “ನಿಮ್ಮ ಗೊರಕಿಗೆ ಹಕ್ಕಿ ನವಲಗುಂದ ದಾಟಿ ಹೋಗ್ತಾವ!”