ಮನ್ಯಾಗ ಪಾಸಿಟಿವ್ ಬಂದದ!

“ಓದಾಕ ಬರೋರಿಗೆ ರಿಪೋರ್ಟ್ ತಾನೇ ತಿಳೀತದ. ಅದಕ್ಕ ಡಾಕ್ಟರ್ ಯಾಕ ಬೇಕು?”

ಸೇಡಂನ ಪಶು ದವಾಖಾನೆಯ ಕಟ್ಟೆ ಮೇಲೆ ನಿಂತು ಗುರುಲಿಂಗಯ್ಯ ಮೇಷ್ಟ್ರು ಹೀಗೆ ಘೋಷಿಸಿದರು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಸಾಮಾನ್ಯರೇ! ಹೆಂಡತಿ ಬಸವೇಶ್ವರಿಯ ಚೀಲದಿಂದ ಬೆಕ್ಕಿನ ಮರಿಯೊಂದು ಮುಖ ಹೊರಹಾಕಿ ಸೀನಿತು.

ಅದರ ರಕ್ತ ಪರೀಕ್ಷಿಸಿದ ಡಾಕ್ಟರ್ ಸಾಯಿರಾ, “ಕುಂದ್ರಿ ಸರ್, ಬಂದು ತಿಳಿಸಿ ಹೇಳ್ತೀನಿ” ಎಂದು ಎಮ್ಮೆಯೊಂದರ ಹೆರಿಗೆಗೆ ಓಡಿದ್ದರು. ಮೇಷ್ಟ್ರು ಕೂಡಲಿಲ್ಲ. ಚೀಟಿಯಲ್ಲಿ ‘ಎಫ್‌ಐವಿ ಪಾಸಿಟಿವ್’ ಎಂದಿತ್ತು. ಮೊಬೈಲಿನಲ್ಲಿ ಹುಡುಕಿದರೆ, ಬೆಕ್ಕಿನ ಏಡ್ಸ್!

“ಕೆಳಗಿಡು ಅದನ್ನ! ನಮಗೂ ಹತ್ತತದ!”

“ನಿಮ್ಮ ಸಂಗಟ ಇಷ್ಟ್ ವರ್ಷ ಸಂಸಾರ ಮಾಡೀನಿ, ಏನೂ ಆಗಿಲ್ಲ. ಇದೇನ್ ದೊಡ್ಡದು?”

ಮನೆಯಲ್ಲಿ ಫಿನೈಲಿನ ಹೊಳೆಯೇ ಹರಿಯಿತು. ಮರಿಗೆ ಬಚ್ಚಲುವಾಸದ ಶಿಕ್ಷೆಯಾಯಿತು. ಬಸವೇಶ್ವರಿ ಚಾಪೆ ಎತ್ತಿಕೊಂಡು ತಾನೂ ಬಚ್ಚಲಿಗೇ ಹೋಗಿ ಕೂತಳು.

“ನಾಳಿಗಿ ಅದನ್ನ ರಾವೂರ ಖಣಿ ಕಡೆ ಬಿಟ್ಟು ಬರ್ತೀನಿ!”

“ಎರಡು ಟಿಕೀಟ್ ತಗೀರಿ. ನಾನೂ ಅಲ್ಲೇ ಇರ್ತೀನಿ.”

ಸೋತ ಮೇಷ್ಟ್ರು ಬೀಗರ ಗ್ರೂಪಿಗೆ ಸಂದೇಶ ಒಗೆದರು: ‘ಮನ್ಯಾಗ ಟೆಸ್ಟ್ ಪಾಸಿಟಿವ್ ಬಂದದ. ಈ ವಯಸ್ಸಿನಾಗ ನಮಗಿದು ಬೇಕಿತ್ತೇನು? ಬಸವೇಶ್ವರಿ ಮಾತು ಕೇಳವಲ್ಲಳು, ಇಟ್ಕೋತೀನಿ ಅಂತಾಳ. ಸದ್ಯ ಯಾರೂ ಬರಬ್ಯಾಡ್ರಿ.’

ಮುಂಜಾನೆ ಡಾಕ್ಟರ್ ಫೋನು ಬಂತು. “ಸರ್, ಹೇಳದs ಹೋಗಿಬಿಟ್ರಿ! ಅದು ಮನುಷ್ಯಾರಿಗೆ ಹತ್ತಂಗಿಲ್ರಿ. ಈ ಟೆಸ್ಟ್ ವೈರಸ್ ಹುಡುಕಂಗಿಲ್ಲ, ಅದರ ವಿರುದ್ಧ ಮೈಯಾಗ ಹುಟ್ಟೋ ಪ್ರತಿಕಾಯ ಹುಡುಕ್ತದ. ಸಣ್ಣ ಮರಿಗೆ ಅವು ತಾಯಿ ಹಾಲಿನಾಗ ಬಂದಿರ್ತಾವ. ಆರು ತಿಂಗಳಾದ ಮ್ಯಾಲ ಮತ್ತೊಮ್ಮೆ ನೋಡೋಣು. ಖರೇ ಇದ್ರೂ, ಜೋಪಾನ ಮಾಡಿದ್ರ ಭಾಳ ವರ್ಷ ಬದುಕ್ತಾವ. ಈಗಿಂದು ಬರೇ ಥಂಡಿ.”

ಪ್ರತಿಕಾಯ! ವರ್ಷಾ ವರ್ಷಾ ಅದೇ ಪಾಠ ಮಾಡಿ, ಬರದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಹಾನುಭಾವರು ಬಚ್ಚಲ ಬಾಗಿಲು ಮೆಲ್ಲಗೆ ತಟ್ಟಿದರು.

“ತಪ್ಪಾತು. ಇಬ್ರೂ ಹೊರಗ ಬರ್ರಿ.”

ಅಷ್ಟರಲ್ಲಿ ತೆಂಗಳಿಯಿಂದ ಅತ್ತೆ ಚಂದಮ್ಮ ಬಂದಿಳಿದರು. ಒಂದು ಕೈಯಲ್ಲಿ ಹಸಿರು ಬಳೆ, ಇನ್ನೊಂದರಲ್ಲಿ ಅಂಟಿನುಂಡೆಯ ಡಬ್ಬಿ!

“ಬರಬ್ಯಾಡ್ರಿ ಅಂದ್ರ ಬಿಡ್ತೀನೇನ್ರಿ ಅಳಿಯಂದ್ರ? ಮಗಳಿಗೆ ಐವತ್ತಾದ್ರೇನು, ಬಾಣಂತನ ನಾ ಮಾಡ್ತೀನಿ! ನಿಮಗರೇ ಒಂದೀಟು ನಾಚಿಕಿ ಬ್ಯಾಡೇನು?”

ಬಸವೇಶ್ವರಿ ಮರಿಯನ್ನು ತಂದು ತಾಯಿಯ ಮಡಿಲಿಗೆ ಹಾಕಿದಳು.

“ಹಿಡಿಯವ್ವಾ ಮೊಮ್ಮಗನ್ನ. ನೋಡು, ಮೀಸಿ ಅಪ್ಪನಂಗs ಬಂದಾವ!”