ಹಾರವಿಲ್ಲದ ಫೋಟೋ

ಬೋಳುತಲೆಯ ನನ್ನ ಗಂಡನಿಗೆ ವಿಗ್ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಕೆಲಸ ಕೊಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಲೇಬೇಕು. ಫ್ಯಾಕ್ಟರಿ ಕೊರಿಯಾದವರದ್ದು, ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ. ನನ್ನ ದೂರು ಅದಲ್ಲ. ವಾಮನ ಸ್ಯಾಂಪಲ್ ವಿಗ್ಗುಗಳನ್ನು ಪ್ಲಾಸ್ಟಿಕ್ ತಲೆಗಳ ಸಮೇತ ಸೌತ್ ಸಿ ಬಡಾವಣೆಯ ನಮ್ಮ ಮನೆಗೆ ತರುತ್ತಿದ್ದರು. ಊಟದ ಕೋಣೆಯ ಶೆಲ್ಫಿನಲ್ಲಿ ಕಣ್ಣಿಲ್ಲದ ರುಂಡಗಳು ಸಾಲಾಗಿ ಕೂತು, ನಾನು ಬಡಿಸುವುದನ್ನೇ ನೋಡುತ್ತಿದ್ದವು. (ಕಣ್ಣಿಲ್ಲದೆ ಹೇಗೆ ನೋಡುತ್ತವೆ ಅನ್ನುವವರು ಅಲ್ಲಿ ಒಬ್ಬರೇ ಕೂತು ಒಂದು ತುತ್ತು ಉಣ್ಣಲಿ, ಆಮೇಲೆ ಮಾತಾಡೋಣ.)

ಆ ಜುಲೈಯಲ್ಲಿ ವಾಮನರ ಕಾಂಟ್ರಾಕ್ಟ್ ಮುಗಿಯಲಿತ್ತು. ಕಾಂಟ್ರಾಕ್ಟ್ ಹೋದರೆ ಕೆಲಸದ ಪರ್ಮಿಟ್ ಹೋಯಿತು, ಪರ್ಮಿಟ್ ಹೋದರೆ ನಾವೂ ಗಂಟುಮೂಟೆ ಕಟ್ಟಿದಂತೆಯೇ. ಮಾಲೀಕ ಹಾನ್ ಸಾಹೇಬರು ಮಾತ್ರ ಬಾಯಿ ಬಿಡಲೊಲ್ಲರು.

“ಫ್ಯಾಕ್ಟರಿ ಗೇಟಿಗೆ ಹೋಗಿ ಧರಣಿ ಕೂತ್ಕೊಳ್ಲಾ?” ಎಂದೆ. ಬೆಲೆಯೇರಿಕೆಯ ವಿರುದ್ಧ ಖಾಲಿ ಕೊಡ ಬಡಿದು, ಸಾರಾಯಿ ಅಂಗಡಿಗಳಿಗೆ ಬೀಗ ಜಡಿದು, ಲಾಕಪ್ಪಿನಲ್ಲಿ ತಿಗಣೆ ಕಚ್ಚಿಸಿಕೊಂಡವಳು ನಾನು. ನನಗೆ ಬರುವ ಅರ್ಜಿ ಅದೊಂದೇ.

“ದಮ್ಮಯ್ಯ ಕಮಲೂ, ಬೇಡ. ಅವರನ್ನ ಊಟಕ್ಕೆ ಕರಿ ಸಾಕು.”

ಆಗ ಹೊಳೆಯಿತು ನನಗೆ. ಬಿಸಿಬೇಳೆಬಾತನ್ನು ಯಾವ ಹೆಂಗಸಾದರೂ ಬಡಿಸಿಯಾಳು. ಸಾಹೇಬರಿಗೆ ಅವರ ಮನೆ ಊಟವನ್ನೇ ಬಡಿಸಿದರೆ?

ಲಂಗಾಟಾದ ಅವರ ಮನೆಗೆ ಹೋಗಿ ಶ್ರೀಮತಿ ಹಾನ್ ಅವರಲ್ಲಿ ಶಿಷ್ಯವೃತ್ತಿ ಕೈಗೊಂಡೆ. ನಮ್ಮಿಬ್ಬರ ಭಾಷೆ ಅರ್ಧ ಇಂಗ್ಲಿಷ್, ಅರ್ಧ ಅಡುಗೆಮನೆಯ ಸ್ವಾಹಿಲಿ. ಬೆಳ್ಳುಳ್ಳಿ ‘ಕಿಡೋಗೊ’, ಸ್ವಲ್ಪ, ಅನ್ನುತ್ತಾ ಆಕೆ ಬೊಗಸೆ ತುಂಬ ಸುರಿಯುವರು. ಕಲಿತು ಬಂದು ಕೋಸಿಗೆ ಉಪ್ಪು ಸವರಿ, ಬ್ಯಾಡಗಿ ಮೆಣಸಿನ ಪುಡಿ ಬಳಿದು, ಜಾಡಿಯಲ್ಲಿ ತುರುಕಿ ಸ್ಟೋರಿನಲ್ಲಿಟ್ಟೆ. ಅದು ಹುಳಿಯೇರುತ್ತಾ ಗೊಣಗತೊಡಗಿತು. ಮೊದಲು ಗುಳುಗುಳು, ಆಮೇಲೆ ಯಾರೋ ನಿಟ್ಟುಸಿರು ಬಿಟ್ಟಂತೆ.

“ಒಳಗೆ ಯಾರೇ ಇರೋದು?” ವಾಮನ ಬಾಗಿಲ ಹಿಂದಿನಿಂದ ಕೇಳಿದರು.

“ಕೋಸು.”

“ಅದ್ಯಾಕೆ ನರಳ್ತಿದೆ?”

“ನಿಮ್ಮ ಕಾಂಟ್ರಾಕ್ಟ್ ವಿಷಯ ಹೇಳ್ದೆ.”

ಕೊನೆಯ ಪಾಠದ ಸಂಜೆ ಶ್ರೀಮತಿ ಹಾನ್ ಬಹಳ ಗಡಿಬಿಡಿಯಲ್ಲಿದ್ದು ನನ್ನನ್ನು ಬೇಗ ಸಾಗಹಾಕಿದರು. ಹೊರಡುವಾಗ ಹಜಾರದಲ್ಲಿ ಕಂಡೆ: ಮೇಜಿನ ತುಂಬ ಭಕ್ಷ್ಯಭೋಜ್ಯ, ಇಡೀ ಮೀನು, ನೆತ್ತಿ ಕೊಯ್ದ ಸೇಬು, ಎರಡು ಮೇಣದಬತ್ತಿ, ಅನ್ನದ ಗೋಪುರದ ನೆತ್ತಿಗೆ ನೆಟ್ಟಗೆ ಚುಚ್ಚಿದ ಚಮಚ. ನಡುವೆ ಒಬ್ಬ ಮುದುಕರ ಫೋಟೋ. ಮುಂಬಾಗಿಲು ಹಾರುಹೊಡೆದಿತ್ತು. ಜನ ಯಾರೂ ಇರಲಿಲ್ಲ. ಮಂಜು ಮಾತ್ರ ಒಳಗೆ ಬರುತ್ತಿತ್ತು.

ಯಾರೋ ದೊಡ್ಡ ಅತಿಥಿ ಬರುವವರಿದ್ದಾರೆ, ಅವರದೇ ಫೋಟೋ ಇಟ್ಟು ಕಾಯುತ್ತಿದ್ದಾರೆ ಎಂದುಕೊಂಡೆ. ಸತ್ತವರದ್ದಾಗಿದ್ದರೆ ಫೋಟೋಗೆ ಹಾರ ಇರುತ್ತಿರಲಿಲ್ಲವೇ? ಅಷ್ಟೂ ತಿಳಿಯದವಳೇ ನಾನು?

ನಮ್ಮ ಭೋಜನಕೂಟದ ಸಂಜೆ ಬೀದಿಗೆ ಬೀದಿಯೇ ಕರೆಂಟು ಹೋಯಿತು. ಒಳ್ಳೆಯದೇ ಆಯಿತೆಂದು ಮೇಣದಬತ್ತಿ ಹಚ್ಚಿದೆ. ಮೀನು, ಸೇಬು, ಅನ್ನದ ಗೋಪುರ, ನೆಟ್ಟಗೆ ಚಮಚ. ಫ್ಯಾಕ್ಟರಿ ವಾರ್ಷಿಕೋತ್ಸವದ ಗ್ರೂಪ್ ಫೋಟೋದಿಂದ ಹಾನ್ ಸಾಹೇಬರ ಮುಖವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ನಡುವೆ ಇಟ್ಟೆ. ಹಾರ ಹಾಕಲಿಲ್ಲ. ಮುಂಬಾಗಿಲು ಹಾರುಹೊಡೆದೆ. ಗಾಳಿಗೆ ಶೆಲ್ಫಿನ ರುಂಡಗಳ ಕೂದಲು ಒಂದೊಂದಾಗಿ ಏಳತೊಡಗಿತು. ಸ್ಟೋರಿನಲ್ಲಿ ಜಾಡಿ ನಿಟ್ಟುಸಿರಿಟ್ಟಿತು.

“ಕಮಲೂ, ಇದ್ಯಾಕೋ ಸರಿಯಿಲ್ಲ ಕಣೇ,” ಎಂದರು ವಾಮನ.

“ನೀವು ಸುಮ್ನಿರಿ. ನಿಮಗೆ ಫಾರಿನ್ ಗೊತ್ತಿಲ್ಲ.”

ಹಾನ್ ಸಾಹೇಬರು ಹೊಸ್ತಿಲಲ್ಲೇ ನಿಂತರು. ಎರಡು ದೀಪಗಳ ನಡುವೆ ಅವರದೇ ಮುಖ ಅವರನ್ನು ನೋಡಿ ನಗುತ್ತಿತ್ತು. ಅವರು ನಗಲಿಲ್ಲ. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದರು. ಸಾಹೇಬರು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು:

“ಮ್ಯಾಡಂ, ನಾನು ಸತ್ತಿದ್ದು ಯಾವತ್ತು?”

ಶ್ರೀಮತಿ ಹಾನ್ ಅಲ್ಲೇ ಬಿಡಿಸಿ ಹೇಳಿದರು. ಅವತ್ತು ನಾನು ಕಂಡದ್ದು ಸಾಹೇಬರ ಅಪ್ಪನ ತಿಥಿ. ಅನ್ನಕ್ಕೆ ಚಮಚ ನೆಡುವುದು ಸತ್ತವರಿಗೆ ಮಾತ್ರ. ಬಾಗಿಲು ತೆರೆದಿಡುವುದು ಅವರು ಒಳಗೆ ಬರಲಿ ಎಂದು.

“ಹಾರ ಇರ್ಲಿಲ್ಲ ಕಣ್ರೀ!” ಎಂದೆ.

“ಊರಲ್ಲಿ ಮಂತ್ರಿಗಳ ಅಣಕು ತಿಥಿ ಮಾಡಿದ್ದು ಸಾಲ್ದಾ? ಇಲ್ಲಿ ನನ್ನ ಅನ್ನದಾತಂದೂ ಮಾಡ್ಬಿಟ್ಯಲ್ಲೇ, ಮಾರಾಯ್ತಿ!” ವಾಮನ ಹಲ್ಲು ಕಚ್ಚಿದರು.

ಹಾನ್ ಸಾಹೇಬರು ಶೂ ಕಳಚಿದರು. ಬಂದು ತಮ್ಮ ಫೋಟೋದ ಎದುರೇ ಕೂತರು. ಚಮಚ ಕಿತ್ತರು. ಉಂಡರು. ಮನುಷ್ಯನೊಬ್ಬ ತನ್ನ ತಿಥಿಯೂಟವನ್ನು ತಾನೇ ಚಪ್ಪರಿಸುವುದನ್ನು ನಾವು ಮೂವರೂ, ಅಷ್ಟೂ ರುಂಡಗಳೂ ಉಸಿರು ಬಿಗಿಹಿಡಿದು ನೋಡಿದೆವು. ಕೋಸನ್ನು ಎರಡು ಸಲ ಹಾಕಿಸಿಕೊಂಡರು. ಬಾಗಿಲಲ್ಲಿ ತಿರುಗಿ ನಿಂತು ಫೋಟೋಗೆ ಬಗ್ಗಿ ನಮಸ್ಕಾರ ಮಾಡಿ ಹೋದರು.

ಮರುದಿನ ವಾಮನ ಮನೆಗೆ ಬಂದಾಗ ಮುಖ ಅರಳಿತ್ತು. “ಕಾಂಟ್ರಾಕ್ಟ್ ಮುಂದುವರಿಸಿದ್ರು ಕಮಲೂ! ಆದ್ರೆ...”

“ಆದ್ರೆ?”

“ಒಂದು ಷರತ್ತು. ಮಿಸೆಸ್ ಹಾನ್ ಗಂಡಂಗೆ ಹೇಳ್ಬಿಟ್ರಂತೆ, ಹಿರೀ ಸೊಸೆ ಅಂತ ಇಷ್ಟು ವರ್ಷ ನಿಮ್ಮ ಹೆಣಗಳಿಗೆ ಬೇಯಿಸಿ ಹಾಕಿ ಸಾಕಾಯ್ತು, ಈ ಇಂಡಿಯನ್ ಹೆಂಗಸು ಚಮಚಾನೂ ನೆಟ್ಟಗೆ ನೆಡ್ತಾಳೆ, ಇನ್ನು ತಿಥಿ ಅಡುಗೆ ಅವಳೇ ಮಾಡ್ಲಿ ಅಂತ.”

“ನಾನಾ? ನನ್ನ ಅತ್ತೆ ತಿಥಿಗೇ ಒಲೆ ಹಚ್ಚದವಳು ನಾನು! ಸತ್ತವರು ಉಣ್ಣಲ್ಲ ಅಂತ ಊರೂರು ಭಾಷಣ ಮಾಡಿದೀನಿ!”

“ಪರ್ಮಿಟ್ಟು...” ಎಂದು ಗೊಣಗಿದರು ವಾಮನ. ಘೋಷಣೆಗಳನ್ನು ಬದಿಗಿಟ್ಟು ಸೌಟು ಹಿಡಿದೆ.

ಹೀಗೆ ಆಗಸ್ಟಿನ ಒಂದು ಮುಸ್ಸಂಜೆ ಲಂಗಾಟಾದಲ್ಲಿ, ಕಂಡು ಕೇಳರಿಯದ ಒಬ್ಬ ಕೊರಿಯನ್ ಅಜ್ಜನಿಗೆ, ಹಾನ್ ಸಾಹೇಬರ ಅಪ್ಪನ ಅಪ್ಪನಿಗೆ, ಎಡೆಯಿಟ್ಟೆ. ರುಚಿ ನೋಡಕೂಡದು, ಮೊದಲು ಸತ್ತವರಿಗೆ ಎಂದು ಶ್ರೀಮತಿ ಹಾನ್ ತಾಕೀತು ಮಾಡಿದ್ದರು. ಯಾರೂ ರುಚಿ ನೋಡಲಿಲ್ಲ. ಅಜ್ಜ ನಾಚಿಕೆಯಿಲ್ಲದೆ ಉಣ್ಣಲೆಂದು ಎಲ್ಲರೂ ಹೊರಬಂದು ಕೋಣೆಯ ಬಾಗಿಲೆಳೆದು, ತಲೆತಗ್ಗಿಸಿ ನಿಂತೆವು. ಪಕ್ಕದ ಕಾಡುಪ್ರಾಣಿಗಳ ಪಾರ್ಕಿನ ಬೇಲಿಯಾಚೆ ಕತ್ತೆಕಿರುಬವೊಂದು ಹೆಂಗಸಿನಂತೆ ನಕ್ಕಿತು.

ಹಾನ್ ಸಾಹೇಬರು ಗಟ್ಟಿಯಾಗಿ ಕೆಮ್ಮಿದರು. ಕೆಮ್ಮದೆ ಒಳಗೆ ಹೋಗಬಾರದಂತೆ, ಉಣ್ಣುವವರು ಬೆಚ್ಚುತ್ತಾರೆ. ಒಬ್ಬರೇ ಹೋದರು. ತುಸು ಹೊತ್ತಿನಲ್ಲಿ ಹೊರಬಂದು ನನ್ನನ್ನೇ ನೋಡಿದರು.

“ಮ್ಯಾಡಂ. ಸೂಪಿಗೆ ಉಪ್ಪಿಲ್ಲ ಅಂತಾರೆ ಅಜ್ಜ.”

ಬಂತು ನೋಡಿ ಸಿಟ್ಟು. ಬದುಕಿರುವ ಗಂಡಸರು ಕೊಂಕು ತೆಗೆಯುವುದು ಸಾಲದೇ? ದಡದಡನೆ ಅಡುಗೆಮನೆಗೆ ಹೋಗಿ ಪಾತ್ರೆಯಲ್ಲಿ ಉಳಿದಿದ್ದ ಸೂಪಿಗೆ ಬೆರಳದ್ದಿ ನೆಕ್ಕಿದೆ.

ಒಂದು ಹರಳೂ ಬಿದ್ದಿರಲಿಲ್ಲ. ಮರೆತೇಬಿಟ್ಟಿದ್ದೆ.

ಉಪ್ಪಿನ ಡಬ್ಬಿ ಹಿಡಿದು ಆ ಕೋಣೆಯ ಬಾಗಿಲಲ್ಲಿ ನಿಂತೆ. ಒಳಗೆ ಯಾರೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ಸಲ ಕೆಮ್ಮಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.