ಒಂದೇ ಸೀಟು, ಇಪ್ಪತ್ತಮೂರು ಜನ

ವಿಮಾನ ಟಿಕೆಟ್ ಮಾರುವ ಘನ ವೆಬ್‌ಸೈಟಿನಲ್ಲಿ ಗಿರಾಕಿಗಳ ಮನಸ್ಸು ಓದುವ ವಿಭಾಗವನ್ನು ನಡೆಸುತ್ತಿರುವ ಮಾನ್ಯರೇ,

ಉಳ್ಳಾಲದಲ್ಲಿ ಹತ್ತೊಂಬತ್ತು ವರ್ಷಗಳಿಂದ ಚಪ್ಪಲಿ ಅಂಗಡಿ ನಡೆಸಿಯೂ ವ್ಯಾಪಾರವೆಂದರೇನೆಂದು ತಿಳಿಯದ ಇಲ್ಯಾಸ್ ಎಂಬ ದಡ್ಡ, ತಮ್ಮ ಬುದ್ಧಿಗೆ ಗಲ್ಲಾಪೆಟ್ಟಿಗೆಯಿಂದ ಎದ್ದು ನಿಂತು ಸಲಾಂ ಹೇಳುತ್ತಿದ್ದಾನೆ. ಸ್ವೀಕರಿಸಬೇಕು.

ಸೌದಿಯ ದಮ್ಮಾಮಿನಲ್ಲಿರುವ ನನ್ನ ತಂಗಿ ಆಮ್ನಾಳದು ಚೊಚ್ಚಲ ಹೆರಿಗೆ. ತವರಿಗೆ ಬರಬೇಕಾಗಿದ್ದವಳಿಗೆ ಡಾಕ್ಟರು ವಿಮಾನ ಹತ್ತಬೇಡಿ ಎಂದದ್ದರಿಂದ, ನಮ್ಮನ್ನು ಹೆತ್ತ ಉಮ್ಮ ನಸೀಬಾ ತಾವೇ ಹೊರಟರು. ವೀಸಾ ಬಂದ ಸಂಜೆ ಬಜಪೆಯಿಂದ ಹೊರಡುವ ವಿಮಾನಕ್ಕಾಗಿ ನಾವು ತಮ್ಮ ಬಾಗಿಲು ತಟ್ಟಿದೆವು.

ಆಹಾ, ಎಂಥ ಸತ್ಕಾರ! ಕೆಂಪು ಗಡಿಯಾರವೊಂದು ಹತ್ತು ನಿಮಿಷದಿಂದ ಹಿಂದಕ್ಕೆ ಓಡತೊಡಗಿತು. ವಿಮೆ ಬೇಡವೆನ್ನುವವರು ಒತ್ತಬೇಕಾದ ಗುಂಡಿಯ ಮೇಲೆ ‘ಬೇಡ, ನನಗೆ ಮನೆಯವರ ಜೀವ ಮುಖ್ಯವಲ್ಲ’ ಎಂದು ಬರೆಸಿದ್ದಿರಿ. ನನ್ನಿಂದ ಇಂಥ ಮಾತು ಆಡಿಸಲು ನನ್ನ ವೈರಿಗಳಿಗೂ ಆಗಿರಲಿಲ್ಲ. ಕೊನೆಗೆ, ಒಂದೇ ಸೀಟು ಉಳಿದಿದೆ, ಇಪ್ಪತ್ತಮೂರು ಜನ ಇದನ್ನೇ ನೋಡುತ್ತಿದ್ದಾರೆ ಎಂಬ ಸುದ್ದಿ ಕುಣಿಯುತ್ತ ಬಂತು. ಅದನ್ನು ಉಮ್ಮನಿಗೆ ಓದಿ ಹೇಳಿದ್ದೇ ನನ್ನ ತಪ್ಪು.

ರೇಷನ್ ಅಂಗಡಿಯ ಸಾಲಿನಲ್ಲೂ ಹಿಂದಿದ್ದವರಿಗೆ ಅವಸರವಿದೆಯೇ ಎಂದು ಕೇಳಿ ಜಾಗ ಬಿಡುವ ಹೆಂಗಸು ಅವರು. “ಅಷ್ಟು ಜನ ಕಾಯ್ತಾ ಉಂಟಾ? ರಜೆ ಮುಗಿದವರು ಯಾರೋ ಇರಬಹುದು ಮೋನೇ, ಹೋಗದಿದ್ರೆ ಪಾಪ, ಕೆಲಸ ಹೋಗ್ತದೆ. ಅವರಿಗೆ ಸಿಗಲಿ, ನಾನು ಮುಂದಿನದ್ದರಲ್ಲಿ ಹೋಗ್ತೇನೆ” ಎಂದು ನನ್ನ ಕೈಯಿಂದ ಫೋನು ಕಸಿದು ಕೆಳಗಿಟ್ಟರು.

ಮುಂದಿನ ವಿಮಾನ ಇದ್ದದ್ದು ನಾಲ್ಕು ದಿನ ಬಿಟ್ಟು. ಎರಡನೆಯ ದಿನವೇ ಆಮ್ನಾಳಿಗೆ ನೋವು ಬಂತು. ಗಂಡ ಡ್ಯೂಟಿಯಲ್ಲಿ, ಅವಳು ಒಬ್ಬಳೇ ಆಸ್ಪತ್ರೆಯಲ್ಲಿ ಉಮ್ಮಾ ಉಮ್ಮಾ ಎಂದು ಫೋನಿನಲ್ಲಿ ಅಳುತ್ತಿದ್ದರೆ, ಇಲ್ಲಿ ಉಮ್ಮ ಕಟ್ಟಿಟ್ಟ ಸೂಟ್‌ಕೇಸಿನ ಪಕ್ಕ ಕುಳಿತು ದೇವರಿಗೆ ಕೈಯೆತ್ತಿ ದುಆ ಮಾಡುತ್ತಿದ್ದರು. ಮಗಳಿಗೊಂದು, ತಾವು ತೋರಿಸಿದ ಆ ಇಪ್ಪತ್ತಮೂರು ಮಂದಿಗೊಂದು.

ನಾವು ಬಿಟ್ಟುಕೊಟ್ಟ ಅದೇ ವಿಮಾನದಲ್ಲಿ ಹೋದ ನೆರೆಮನೆಯ ಹಾಶಿಂ, “ಅರ್ಧ ವಿಮಾನ ಖಾಲಿ ಮಾರಾಯ, ಮೂರು ಸೀಟಲ್ಲಿ ಕಾಲು ಚಾಚಿ ಮಲಗಿ ಬಂದೆ” ಎಂದು ಫೋನ್ ಮಾಡಿದ. ಪರೀಕ್ಷೆಗೆಂದು ಆರು ತಿಂಗಳ ನಂತರದ ವಿಮಾನವೊಂದನ್ನು ತೆರೆದೆ. ಅಲ್ಲಿಯೂ ಒಂದೇ ಸೀಟು, ಅದೇ ಇಪ್ಪತ್ತಮೂರು ಜನ. ಥೂ, ನಿಮ್ಮ ಮನಶ್ಶಾಸ್ತ್ರಕ್ಕಿಷ್ಟು!

ಕ್ಷಮಿಸಿ, ಮರ್ಯಾದೆ ತಪ್ಪಿದೆ. ನೂಕುನುಗ್ಗಲು ಕಂಡರೆ ಮನುಷ್ಯ ಮುನ್ನುಗ್ಗುತ್ತಾನೆಂದು ತಾವು ಕಂಡುಹಿಡಿದಿದ್ದೀರಿ. ಸರಿದು ನಿಲ್ಲುವವರೂ ಇದ್ದಾರೆಂಬುದು ತಮ್ಮ ಪಾಠದಲ್ಲಿ ಇದ್ದಿರಲಿಕ್ಕಿಲ್ಲ. ಆದ್ದರಿಂದ ಆ ಇಪ್ಪತ್ತಮೂರು ಮಂದಿಯ ಹೆಸರು, ವಿಳಾಸಗಳನ್ನು ದಯಮಾಡಿ ಕಳುಹಿಸಿಕೊಡಬೇಕು. ಅವರು ಹುಟ್ಟಿಯೇ ಇಲ್ಲವಾದರೆ, ಉಮ್ಮ ಅವರಿಗಾಗಿ ಮಾಡಿದ ದುಆಗಳನ್ನು ಏಳು ಕೆಲಸದ ದಿನಗಳೊಳಗೆ ವಾಪಸು ಮಾಡಬೇಕಾಗಿ ವಿನಂತಿ.

ನಂಬಿ ಕೆಟ್ಟ ಮೇಲೂ ತಮ್ಮ ವಿಶ್ವಾಸಿ,
ಇಲ್ಯಾಸ್, ಉಳ್ಳಾಲ

ತಾ.ಕ.: ಉಮ್ಮ ತಲುಪುವಾಗ ಮಗುವಿಗೆ ಎರಡು ದಿನ. ಯಾಕೆ ತಡವಾಯಿತೆಂದು ಆಮ್ನಾ ಕೇಳಿದ್ದಕ್ಕೆ, ಯಾರದೋ ಕೆಲಸ ಉಳಿಯಲೆಂದು ಸೀಟು ಬಿಟ್ಟುಕೊಟ್ಟೆ ಎಂದರಂತೆ. ಒಳ್ಳೆಯದೇ ಮಾಡಿದಿರಿ ಉಮ್ಮಾ ಎಂದು ಅವಳು ಕಣ್ಣೊರೆಸಿಕೊಂಡಳಂತೆ. ಅಂಥವರು ಯಾರೂ ಇರಲಿಲ್ಲವೆಂದು ಅವರಿಬ್ಬರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಮನಸ್ಸು ಬಲ್ಲ ತಾವೇ ಹೋಗಿ ಹೇಳಿ.